ಕಂಟ್ರಿ ಸಂಗೀತದ ಬೇಲಿ ಎಲ್ಲಿದೆ? ಜಿಮ್ ರೀವ್ಸ್‌ನಿಂದ ಶಬೂಝಿವರೆಗೆ

ಹೇಮಾವತಿ_ತೀರ

ನಮಸ್ಕಾರ. ನಾನು ಹಾಸನದ ಕಡೆಯವಳು. ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ, ಅಂದರೆ ಕಂಟ್ರಿ ಸಂಗೀತದ ತವರೂರಿಗೆ, ಬಂದು ಒಂಬತ್ತು ವರ್ಷ ಆಯಿತು. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸ. ಬಂದ ಹೊಸದರಲ್ಲಿ, ಇಲ್ಲಿನ ಹಳ್ಳಿಗಾಡಿನಲ್ಲಿ ಹುಟ್ಟಿದ ಈ ಕಂಟ್ರಿ ಸಂಗೀತ ಅಂದರೆ ದೊಡ್ಡ ಟೋಪಿ, ಗಿಟಾರು, ಅಷ್ಟೇ ಗೊತ್ತಿತ್ತು. ಆಫೀಸಿಗೆ ಹೋಗಿ ಬರುವ ದಾರಿಯಲ್ಲಿ ರೇಡಿಯೋ ಕೇಳಿ ಕೇಳಿ ಈಗ ಅದು ಮನೆಯ ಸಂಗೀತದ ಹಾಗೆ ಆಗಿಹೋಗಿದೆ.

ಕಳೆದ ವಾರ ಊಟದ ಹೊತ್ತಿನಲ್ಲಿ ಯಾರದೋ ಫೋನಿನಲ್ಲಿ ಕಪ್ಪು ಗಾಯಕ ಶಬೂಝಿಯ 'ಎ ಬಾರ್ ಸಾಂಗ್' ಬರುತ್ತಿತ್ತು. ನಮ್ಮ ಜೊತೆ ಕೆಲಸ ಮಾಡುವ ಒಬ್ಬರು ಪೂರ್ವ ಟೆನೆಸಿಯ ಗುಡ್ಡಗಾಡಿನವರು. ತುಂಬಾ ಮೆದು ಮನುಷ್ಯ. ಅವರು ಚಮಚ ಕೆಳಗಿಟ್ಟು "ಇದು ಕಂಟ್ರಿ ಅಲ್ಲ, ಬೇರೆ ಏನಾದರೂ ಹೆಸರಿಡಲಿ" ಅಂದರು. ಎದುರಿಗೆ ಕೂತಿದ್ದವರು ಮೆಂಫಿಸ್‌ನ ಕಪ್ಪು ಹೆಂಗಸು. "ನಮ್ಮ ಮುತ್ತಜ್ಜನೂ ಬ್ಯಾಂಜೋ ನುಡಿಸುತ್ತಿದ್ದ. ಹೆಸರಿಡುವ ಹಕ್ಕು ಯಾರದು?" ಅಂತ ಕೇಳಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಇಬ್ಬರೂ ನನಗೆ ಬೇಕಾದವರು. ಇಬ್ಬರ ಮುಖದಲ್ಲೂ ನೋವಿತ್ತು. ಒಂದು ಹಾಡಿಗೆ ಇಷ್ಟು ನೋವು ಯಾಕೆ ಅಂತ ಅವತ್ತಿನಿಂದ ತಲೆ ಕೊರೆಯುತ್ತಿದೆ.

ಆ ಹಾಡು 2024ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 19 ವಾರ ಒಂದನೇ ಸ್ಥಾನದಲ್ಲಿತ್ತು. 2004ರ ಒಂದು ರ‍್ಯಾಪ್ ಹಾಡಿನ ಪಲ್ಲವಿಯನ್ನು ತಿರುಗಿಸಿ ಕಟ್ಟಿದ್ದು. ಅದೇ ವರ್ಷ ಪಾಪ್ ತಾರೆ, ಕಪ್ಪು ಗಾಯಕಿ ಬಿಯಾನ್ಸೆ 'ಕೌಬಾಯ್ ಕಾರ್ಟರ್' ತಂದರು. 2025ರ ಫೆಬ್ರವರಿಯಲ್ಲಿ ಅದಕ್ಕೆ ಅತ್ಯುತ್ತಮ ಕಂಟ್ರಿ ಆಲ್ಬಮ್ ಅಂತ ಗ್ರ್ಯಾಮಿ, ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ, ಬಂತು. ನಾಲ್ಕೇ ತಿಂಗಳಲ್ಲಿ ಗ್ರ್ಯಾಮಿಯವರು ಆ ವಿಭಾಗವನ್ನು ಒಡೆದು, 2026ರಿಂದ ಸಾಂಪ್ರದಾಯಿಕ ಕಂಟ್ರಿ ಬೇರೆ, ಸಮಕಾಲೀನ ಕಂಟ್ರಿ ಬೇರೆ ಅಂದರು. ಇದು ಪಾಪ್ ಒಳಗೆ ಬಂತು ಅಂತ ಎಬ್ಬಿಸಿದ ಗೋಡೆಯಾ? ಅಥವಾ ಹಳೆಯದಕ್ಕೂ ಒಂದು ಜಾಗ ಇರಲಿ ಅಂತ ಮಾಡಿದ್ದಾ? ತಿಳಿದವರು ಬರೆಯಿರಿ.

ಡಲ್ಲಾಸ್_ದಾವಣಗೆರೆ

ಮೇಡಂ, ನಾನು ಟೆಕ್ಸಸ್‌ನಲ್ಲಿ 27 ವರ್ಷದಿಂದ ಇದ್ದೇನೆ. ನಿಮ್ಮ ಗುಡ್ಡಗಾಡಿನ ಸ್ನೇಹಿತರ ಪರ ನಾನು.

ಜನ ಇದನ್ನು ಬಣ್ಣದ ಜಗಳ ಅಂತ ಮಾತ್ರ ನೋಡುತ್ತಾರೆ. ನನಗೆ ಅದಕ್ಕಿಂತ ಮುಂಚೆ ಬಂದದ್ದು ಬೇರೆ ಸಿಟ್ಟು. 1999ರ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿ ಸಮಾರಂಭ ನಾನು ಟಿವಿಯಲ್ಲಿ ನೋಡಿದ್ದೆ. ಜಾರ್ಜ್ ಜೋನ್ಸ್ ಅವರಿಗೆ ಹಾಡನ್ನು ಮೊಟಕು ಮಾಡಿ ಹಾಡಿ ಅಂತ ಹೇಳಿದ್ದರು. ಜೋನ್ಸ್ ಅಂದರೆ ಕಂಟ್ರಿಯ ದೊಡ್ಡ ಗಂಟಲು. ಅವರು ಬರುವುದೇ ಇಲ್ಲ ಅಂದರು. ಆ ರಾತ್ರಿ ಇನ್ನೊಬ್ಬ ಕಂಟ್ರಿ ಹಾಡುಗಾರ ಅಲನ್ ಜಾಕ್ಸನ್ ತಮ್ಮ ಹಾಡು ಹಾಡುತ್ತಾ ಹಾಡುತ್ತಾ ಅರ್ಧಕ್ಕೆ ನಿಲ್ಲಿಸಿ, ಜೋನ್ಸ್ ಅವರ 'ಚಾಯ್ಸಸ್' ಶುರು ಮಾಡಿಬಿಟ್ಟರು. ಕಾರ್ಯಕ್ರಮ ನಡೆಸುವವರಿಗೆ ಮೊದಲೇ ಹೇಳಿರಲಿಲ್ಲ. ಹಾಡಿ ಮುಗಿಸಿ ವೇದಿಕೆಯಿಂದ ಇಳಿದು ಹೋದರು. ನನ್ನ ಮೈ ಜುಮ್ಮೆಂದಿತ್ತು. ಮರುವರ್ಷ ಅದೇ ಜಾಕ್ಸನ್ ಮತ್ತು ಜಾರ್ಜ್ ಸ್ಟ್ರೇಟ್ ಸೇರಿ 'ಮರ್ಡರ್ ಆನ್ ಮ್ಯೂಸಿಕ್ ರೋ' ಹಾಡಿದರು. ಮ್ಯೂಸಿಕ್ ರೋ ಅಂದರೆ ನ್ಯಾಶ್‌ವಿಲ್‌ನಲ್ಲಿ ಸ್ಟುಡಿಯೋಗಳೂ ಲೇಬಲ್ ಆಫೀಸುಗಳೂ ಇರುವ ಬೀದಿಗಳು. ಕಂಟ್ರಿ ಸಂಗೀತವನ್ನು ಅಲ್ಲೇ ಕೊಂದರು ಅನ್ನುವುದು ಹಾಡಿನ ಮಾತು.

ಆಮೇಲೆ ಇನ್ನೂ ಕೆಟ್ಟಿತು. 2012ರಲ್ಲಿ ಫ್ಲೋರಿಡಾ ಜಾರ್ಜಿಯಾ ಲೈನ್ ಅನ್ನುವ ಜೋಡಿಯ 'ಕ್ರೂಸ್' ಬಂತು. ಅದರ ಹಿಂದೆ ಪಿಕಪ್ ಟ್ರಕ್ಕು, ಬಿಯರು, ಬಿಗಿ ಜೀನ್ಸಿನ ಹುಡುಗಿ, ಇಷ್ಟೇ ಇರುವ ನೂರಾರು ಹಾಡು. 2013ರಲ್ಲಿ ಅದಕ್ಕೆ ಬ್ರೋ-ಕಂಟ್ರಿ ಅಂತ ಹೆಸರೂ ಬಿತ್ತು. ಹಾಡಿದವರು ಬಹುತೇಕ ಬಿಳಿಯರೇ. ಅದನ್ನೂ ನಾನು ಕಂಟ್ರಿ ಅನ್ನುವುದಿಲ್ಲ.

ಕೆಜಿಎಫ್_ಮಗ

ನನಗೆ 71 ವರ್ಷ. ಈ ಹೊಸಬರ ಹೆಸರು ನನಗೆ ಗೊತ್ತಿಲ್ಲ. ಆದರೆ ಕಂಟ್ರಿ ಅಂದ ಕೂಡಲೇ ಬರೆಯಬೇಕು ಅನ್ನಿಸಿತು.

ಅಪ್ಪ ಗಣಿಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದರು. ಚಾಂಪಿಯನ್ ರೀಫ್‌ನಲ್ಲಿ ಕ್ವಾರ್ಟರ್ಸ್. ಪಕ್ಕದ ಮನೆ ಆಂಗ್ಲೋ ಇಂಡಿಯನ್ ಕುಟುಂಬದ್ದು. ಅವರ ಮನೆಯ ರೇಡಿಯೋಗ್ರಾಂನಲ್ಲಿ ಸಂಜೆಯಾದರೆ ಜಿಮ್ ರೀವ್ಸ್. ಬೇಲಿಯ ಈಚೆ ಕಡೆ ನಾವು ಮಕ್ಕಳು ಕೂತು ಕೇಳುತ್ತಿದ್ದೆವು. ಇಂಗ್ಲಿಷ್ ಅರ್ಥ ಆಗುತ್ತಿರಲಿಲ್ಲ. ಆದರೂ ಆ ದನಿ ಕಿವಿ ಹತ್ತಿರ ಬಂದು ಮಾತಾಡಿದ ಹಾಗೆ ಇರುತ್ತಿತ್ತು. ಡಿಸೆಂಬರ್ ಬಂತು ಅಂದರೆ ಅವರ ಕ್ರಿಸ್‌ಮಸ್ ರೆಕಾರ್ಡು. ನಮ್ಮಮ್ಮ ಒಬ್ಬಟ್ಟು ಕೊಟ್ಟು ಕಳಿಸಿದರೆ, ಆ ಕಡೆಯಿಂದ ಕೇಕು ಬರುತ್ತಿತ್ತು. ಹಿಂದೆ ಹಾಡು.

ನಮ್ಮ ಪಾಲಿಗೆ ಅದೇ ಕಂಟ್ರಿ. ಹಳೆಯ, ಶುದ್ಧ ಕಂಟ್ರಿ. ಡಲ್ಲಾಸ್‌ನವರು ಹೇಳುವ ನಿಜವಾದ ಸಂಗೀತ ಅದೇ ಇರಬೇಕು ಅಲ್ವಾ?

ರೇಡಿಯೋ_ರಾಯ

ಕೆಜಿಎಫ್ ಸರ್, ನಿಮ್ಮ ನೆನಪು ಓದಿ ತುಂಬಾ ಖುಷಿಯಾಯಿತು. ಆದರೆ ಇಡೀ ಚರ್ಚೆಗೆ ಕೀಲಿಕೈ ನಿಮ್ಮ ಆ ಪ್ರಶ್ನೆಯಲ್ಲೇ ಇದೆ. ಜಿಮ್ ರೀವ್ಸ್ ತಮ್ಮ ಕಾಲದಲ್ಲಿ ಪಾಪ್ ಕಡೆ ಹೋದವರು. ಆಗಿನ ಹಳಬರು ಅವರ ಹಾಡುಗಳನ್ನು ಕೇಳಿ, ಇವತ್ತು ನಮ್ಮ ಮೇಡಂ ಅವರ ಸ್ನೇಹಿತರು ಅಂದ ಮಾತನ್ನೇ ಅಂದಿದ್ದರು.

ಸ್ವಲ್ಪ ವಿವರವಾಗಿ ಹೇಳುತ್ತೇನೆ. 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಸಿಡಿದ ಮೇಲೆ ಹುಡುಗರೆಲ್ಲ ರಾಕ್ ಅಂಡ್ ರೋಲ್ ಕಡೆ ಹೋದರು. ಫಿಡಲ್ಲು (ಹಳ್ಳಿ ಶೈಲಿಯಲ್ಲಿ ನುಡಿಸುವ ಪಿಟೀಲು), ಮೂಗಿನಿಂದ ಎಳೆಯುವ ದನಿ ಎಲ್ಲ ಹಳತಾಯಿತು. ರೇಡಿಯೋಗಳು ಕಂಟ್ರಿಯನ್ನು ಬಿಡತೊಡಗಿದವು. ನ್ಯಾಶ್‌ವಿಲ್‌ನಲ್ಲಿ ಇಬ್ಬರು ಪ್ರೊಡ್ಯೂಸರ್‌ಗಳು ಇದಕ್ಕೆ ದಾರಿ ಹುಡುಕಿದರು. ಆರ್‌ಸಿಎ ಲೇಬಲ್‌ನ ಚೆಟ್ ಆಟ್ಕಿನ್ಸ್, ಡೆಕ್ಕಾ ಲೇಬಲ್‌ನ ಓವೆನ್ ಬ್ರಾಡ್ಲಿ. ಫಿಡಲ್ಲನ್ನೂ ಸ್ಟೀಲ್ ಗಿಟಾರನ್ನೂ ಹಿಂದಕ್ಕೆ ಸರಿಸಿದರು. ಪಿಯಾನೋ, ಪಿಟೀಲುಗಳ ಗುಂಪು, 'ಊ... ಆ...' ಅನ್ನುವ ಸಹಗಾಯಕರು ಮುಂದೆ ಬಂದರು. ಇದಕ್ಕೆ 'ನ್ಯಾಶ್‌ವಿಲ್ ಸೌಂಡ್' ಅಂತ ಹೆಸರಾಯಿತು. ಜಿಮ್ ರೀವ್ಸ್ ಮೊದಲೆಲ್ಲ ಜೋರಾಗಿ ಹಾಡುತ್ತಿದ್ದವರು. 1957ರ 'ಫೋರ್ ವಾಲ್ಸ್' ಹೊತ್ತಿಗೆ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಮೆಲ್ಲಗೆ ಹಾಡಿದರು. ನೀವು ಬೇಲಿಯ ಈಚೆ ಕೂತು ಕಿವಿ ಹತ್ತಿರ ಬಂದ ಹಾಗಿತ್ತು ಅಂದದ್ದು ಅದನ್ನೇ! 1959ರಲ್ಲಿ ರೆಕಾರ್ಡ್ ಆದ 'ಹಿ ವಿಲ್ ಹ್ಯಾವ್ ಟು ಗೋ' ಕಂಟ್ರಿ ಪಟ್ಟಿಯಲ್ಲಿ 14 ವಾರ ಒಂದನೇ ಸ್ಥಾನದಲ್ಲಿತ್ತು. ಪಾಪ್ ಪಟ್ಟಿಯಲ್ಲೂ ಎರಡನೇ ಸ್ಥಾನ ಮುಟ್ಟಿತು. ಪ್ಯಾಟ್ಸಿ ಕ್ಲೈನ್ ಅವರ 'ಕ್ರೇಜಿ' 1961ರದ್ದು, ಅದೂ ಇದೇ ಅಚ್ಚಿನದು.

ನ್ಯಾಶ್‌ವಿಲ್ ಸೌಂಡ್ ಅಂದರೆ ಏನು ಅಂತ ಯಾರೋ ಕೇಳಿದಾಗ ಆಟ್ಕಿನ್ಸ್ ಜೇಬಿನ ಚಿಲ್ಲರೆ ಕುಲುಕಿಸಿ ತೋರಿಸಿದರು ಅನ್ನುವ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ದುಡ್ಡಿನ ಆಸೆ ಅಂತ ತಳ್ಳಿಹಾಕುವುದು ಸರಿಯಲ್ಲ. ಆ ಹೊತ್ತಿಗೆ ಅವರು ಹಾಗೆ ಮಾಡದಿದ್ದರೆ ಚಾಂಪಿಯನ್ ರೀಫ್‌ವರೆಗೆ ಆ ಹಾಡು ಬರುತ್ತಿರಲಿಲ್ಲ.

ಕೆಜಿಎಫ್_ಮಗ

ಇದು ನನಗೆ ಗೊತ್ತೇ ಇರಲಿಲ್ಲ. 60 ವರ್ಷ ಶುದ್ಧ ಅಂದುಕೊಂಡು ಕೇಳಿದೆ. ಪ್ರೀತಿಯೇನೂ ಕಡಿಮೆ ಆಗಲಿಲ್ಲ.

ಸ್ಟೀಲ್_ತಂತಿ

ರಾಯರು ಹೇಳಿದ್ದೆಲ್ಲ ನಿಜ. ಆದರೂ "ಎಲ್ಲ ಕಾಲದಲ್ಲೂ ಹೀಗೇ ಇತ್ತು" ಅಂತ ಹೇಳಿ ಮುಗಿಸಿಬಿಟ್ಟರೆ, ಕಳೆದುಹೋಗುವ ವಸ್ತುವಿನ ಬಗ್ಗೆ ಮಾತೇ ಆಗುವುದಿಲ್ಲ. ನಾನು ಬೆಂಗಳೂರಿನಲ್ಲಿ ಗಿಟಾರ್ ನುಡಿಸುವವನು. ಸಂಗೀತದ ಕಡೆಯಿಂದ ಹೇಳುತ್ತೇನೆ.

ಪೆಡಲ್ ಸ್ಟೀಲ್ ಗಿಟಾರ್ ನೋಡದವರಿಗೆ: ಅದು ಮೇಜಿನ ಹಾಗೆ ಕಾಲುಗಳ ಮೇಲೆ ನಿಂತಿರುತ್ತದೆ. ಸಾಮಾನ್ಯವಾಗಿ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಗುಂಡು ಸರಳು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಬಲಗೈ ಮೀಟಬೇಕು. ಪಾದದ ಕೆಳಗೆ ಪೆಡಲ್ಲು, ಮೊಣಕಾಲಿನ ಪಕ್ಕ ಇನ್ನಷ್ಟು ಸನ್ನೆಕೋಲು. ಪೆಡಲ್ ತುಳಿದರೆ ಒಂದು ತಂತಿ ಇದ್ದಲ್ಲೇ ಇರುತ್ತದೆ, ಪಕ್ಕದ್ದು ಮಾತ್ರ ಮೇಲಿನ ಸ್ವರಕ್ಕೆ ಏರುತ್ತದೆ. ನಮ್ಮಲ್ಲಿ ಜಾರು ಅಂತೀವಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವುದು, ಅದು ಒಂದೇ ತಂತಿಯಲ್ಲಿ. ಇಲ್ಲಿ ಮೂರು ಸ್ವರ ಒಟ್ಟಿಗೆ ನುಡಿಯುತ್ತಿರುವಾಗ ಒಂದು ಮಾತ್ರ ಜಾರುತ್ತದೆ. ಕೂತ ಮನೆಯಲ್ಲಿ ಒಬ್ಬರು ಮಾತ್ರ ಎದ್ದು ಹೋದ ಹಾಗೆ. ಆ ಅಳು ಇನ್ಯಾವ ವಾದ್ಯದಲ್ಲೂ ಇಲ್ಲ.

ಈಗಿನ ಎಷ್ಟೋ ಹಿಟ್ ಹಾಡುಗಳಲ್ಲಿ ಡ್ರಮ್ ಮಷೀನಿನ ಚಿಟಿಕೆ ಸದ್ದು ಮುಂದಿರುತ್ತದೆ. ಸ್ಟೀಲ್ ಇದ್ದರೂ ಹಿನ್ನೆಲೆಯಲ್ಲಿ ಮಂಜಿನ ಹಾಗೆ ಹರಡಿರುತ್ತದೆ, ಸಾಲು ಮುಗಿದಾಗ ಹಾಡುಗಾರನಿಗೆ ಉತ್ತರ ಕೊಡುವುದಿಲ್ಲ. ಹಾಡುಗಾರ ಒಂದು ಸಾಲು, ಸ್ಟೀಲ್ ಒಂದು ಸಾಲು, ಅದು ಸಂಭಾಷಣೆ. ಅದು ಹೋದರೆ ಕಲಿಯುವವರೂ ಕಡಿಮೆಯಾಗುತ್ತಾರೆ. ಕೈಕಾಲು ಎರಡೂ ಪಳಗಲು ವರ್ಷಗಟ್ಟಲೆ ಬೇಕು. ಕೆಲಸ ಸಿಗದ ವಾದ್ಯವನ್ನು ಯಾವ ಹುಡುಗ ಕಲಿಯುತ್ತಾನೆ? ಗಡಿಯ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಈ ಸಂಕಟ ಮಾತ್ರ ನಿಜವಾದದ್ದು.

ರೇಡಿಯೋ_ರಾಯ

ಒಪ್ಪುತ್ತೇನೆ. ಒಂದೇ ಮಾತು ಸೇರಿಸುತ್ತೇನೆ. ಪೆಡಲ್ ಸ್ಟೀಲ್ ಕೂಡ ಒಂದು ಕಾಲದ ಹೊಸ ಸದ್ದು. ವೆಬ್ ಪಿಯರ್ಸ್ ಅವರ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್ ಪೆಡಲ್ ತುಳಿದು ಸ್ವರ ಬಗ್ಗಿಸಿದ್ದು ಜನರ ಕಿವಿಗೆ ಬಿದ್ದದ್ದು 1954ರಲ್ಲಿ. ಅದಕ್ಕೆ ಮುಂಚಿನ ಸ್ಟೀಲ್ ಗಿಟಾರ್ ಹವಾಯಿ ದ್ವೀಪದಿಂದ ಬಂದದ್ದು. ಅದೇ ಹವಾಯಿಯನ್ ಗಿಟಾರ್ ನಮ್ಮ ದೇಶದ ಸಿನಿಮಾ ಆರ್ಕೆಸ್ಟ್ರಾಗಳಿಗೂ ಬಂತು. ಬ್ಯಾಂಜೋ ಅನ್ನುವ ತಂತಿವಾದ್ಯದ ಮೂಲ ಆಫ್ರಿಕಾ. ಯೋಡಲ್ ಅನ್ನುವ, ಗಂಟಲನ್ನು ಸರಕ್ಕನೆ ಮೇಲೆ ಕೆಳಗೆ ಹಾರಿಸುವ ದನಿ ಆಲ್ಪ್ಸ್ ಬೆಟ್ಟದ್ದು. ಕಂಟ್ರಿಯ ಅಪ್ಪ ಅನ್ನಿಸಿಕೊಂಡ ಜಿಮ್ಮಿ ರಾಡ್ಜರ್ಸ್ ಮೊದಲು ರೆಕಾರ್ಡ್ ಆದದ್ದು 1927ರಲ್ಲಿ, ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ. ಮೂರೇ ವರ್ಷಕ್ಕೆ, 1930ರಲ್ಲಿ, ಅವರ 'ಬ್ಲೂ ಯೋಡಲ್ ನಂಬರ್ 9'ರಲ್ಲಿ ಟ್ರಂಪೆಟ್ ಊದಿದವರು ಜಾಝ್‌ನ ಲೂಯಿ ಆರ್ಮ್‌ಸ್ಟ್ರಾಂಗ್. ನ್ಯಾಶ್‌ವಿಲ್‌ನ ಹಳೆಯ ಕಂಟ್ರಿ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಗೆ 1940ರ ದಶಕದಲ್ಲಿ ಬ್ಯಾಂಡ್ ನಾಯಕ ಬಾಬ್ ವಿಲ್ಸ್ ಡ್ರಮ್ ತಂದಾಗ ದೊಡ್ಡ ತಕರಾರಾಗಿತ್ತು. ಡ್ರಮ್ ಇಲ್ಲದ ಕಂಟ್ರಿ ಬ್ಯಾಂಡನ್ನು ಈಗ ಹುಡುಕಬೇಕು.

ಅಂದರೆ ಸ್ಟೀಲ್ ಹೋಗಲಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಬಂದದ್ದು ಬೇರೂರಲು ಕಾಲ ಬೇಕು, ಹೋದದ್ದು ಮತ್ತೆ ಬರುವುದು ಕಷ್ಟ. ಎರಡೂ ನಿಜ.

ಮಲ್ಲಿಗೆ_ಮೊಗ್ಗು

ನಾನು ಮೈಸೂರಿನವಳು, 24 ವರ್ಷ. ಟೇಲರ್ ಸ್ವಿಫ್ಟ್ ಅವರ ಹಾಡುಗಳಿಂದ ಹಿಂದಕ್ಕೆ ಹೋಗಿ ಹೋಗಿ ಕಂಟ್ರಿಗೆ ಬಂದವಳು. ದಾವಣಗೆರೆ ಅಂಕಲ್, ಒಂದು ವಿಷಯ ನಿಮ್ಮ ಗಮನಕ್ಕೆ ತರುತ್ತೇನೆ. "ಪಾಪ್ ಆಗಿಬಿಟ್ಟಳು" ಅನ್ನುವ ಮಾತು ಹೆಂಗಸರ ಮೇಲೆ ಎಷ್ಟು ಸಲ ಬಿದ್ದಿದೆ ನೋಡಿ.

1974ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಅತ್ಯುತ್ತಮ ಗಾಯಕಿ ಪ್ರಶಸ್ತಿ ಒಲಿವಿಯಾ ನ್ಯೂಟನ್-ಜಾನ್ ಅವರಿಗೆ ಬಂತು. ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದವರು. ನ್ಯಾಶ್‌ವಿಲ್ ಉರಿದುಬಿತ್ತು. ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ಅವರ ಮನೆಯಲ್ಲಿ ಸಭೆ ಸೇರಿ ಹಳಬರು ಬೇರೆ ಸಂಘವನ್ನೇ ಕಟ್ಟಿದರು. ಮರುವರ್ಷ ಪಾಪ್ ಕಡೆಯವರು ಅನ್ನಿಸಿಕೊಂಡಿದ್ದ ಜಾನ್ ಡೆನ್ವರ್‌ಗೆ ದೊಡ್ಡ ಪ್ರಶಸ್ತಿ ಬಂದಾಗ, ಅದನ್ನು ಘೋಷಿಸಲು ನಿಂತಿದ್ದ ಕಂಟ್ರಿ ಗಾಯಕ ಚಾರ್ಲಿ ರಿಚ್ ಹೆಸರಿದ್ದ ಚೀಟಿಗೆ ವೇದಿಕೆಯಲ್ಲೇ ಲೈಟರ್ ಹಚ್ಚಿದರು. ಅದೇ ಚಾರ್ಲಿ ರಿಚ್ ಎರಡು ವರ್ಷ ಹಿಂದೆ ಪಾಪ್ ಪಟ್ಟಿಯಲ್ಲಿ ಒಂದನೇ ಸ್ಥಾನ ಪಡೆದಿದ್ದರು!

ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ನೋಡಿ. 1977ರ 'ಹಿಯರ್ ಯು ಕಮ್ ಅಗೇನ್' ಬರೆದವರು ಪಾಪ್ ಹಾಡು ಬರೆಯುವ ದಂಪತಿ. ರೆಕಾರ್ಡ್ ಆದ ಮೇಲೆ ಡಾಲಿಗೆ ಭಯವಾಯಿತು. ನಮ್ಮ ಜನ ನನ್ನನ್ನು ಬಿಟ್ಟರೆ ಏನು ಗತಿ ಅಂತ. ಆಗ ಪ್ರೊಡ್ಯೂಸರ್‌ಗೆ ಹಟ ಹಿಡಿದು ಅದಕ್ಕೆ ಸ್ಟೀಲ್ ಗಿಟಾರ್ ಹಾಕಿಸಿದರು. ಯಾರಾದರೂ ಕಂಟ್ರಿ ಅಲ್ಲ ಅಂದರೆ, ಇಗೋ ಸ್ಟೀಲ್ ಇದೆ ಅಂತ ತೋರಿಸಲು. ಸ್ಟೀಲ್_ತಂತಿ ಅಣ್ಣ, ನಿಮ್ಮ ವಾದ್ಯ ಅಲ್ಲಿ ಪಾಸ್‌ಪೋರ್ಟಿನ ಕೆಲಸ ಮಾಡಿದೆ.

ಕೆನಡಾದ ಶನಾಯಾ ಟ್ವೈನ್ ಅವರ 1997ರ 'ಕಮ್ ಆನ್ ಓವರ್' ಜಗತ್ತಿನಲ್ಲಿ ಸುಮಾರು 4 ಕೋಟಿ ಪ್ರತಿ ಮಾರಾಟವಾಯಿತು. ಮಾಡಿದ್ದು ಆಗ ಅವರ ಗಂಡನಾಗಿದ್ದ ಮಟ್ ಲ್ಯಾಂಗ್, ಎಸಿ/ಡಿಸಿಯಂಥ ರಾಕ್ ಬ್ಯಾಂಡುಗಳಿಗೆ ಕೆಲಸ ಮಾಡಿದವರು. ಅಮೆರಿಕದ ಕಂಟ್ರಿ ಕೇಳುಗರಿಗೆ ಫಿಡಲ್ಲು, ಸ್ಟೀಲ್ ಇರುವ ಒಂದು ಮಿಕ್ಸು. ಹೊರದೇಶಕ್ಕೆ ಅವನ್ನು ಇಳಿಸಿದ ಇನ್ನೊಂದು ಮಿಕ್ಸು. ಹಾಡೂ ಒಂದೇ, ಗಂಟಲೂ ಒಂದೇ. ಹಾಗಾದರೆ ಕಂಟ್ರಿ ಇರುವುದು ಎಲ್ಲಿ?

ಮತ್ತೆ ರೇಡಿಯೋ. 2015ರಲ್ಲಿ ಒಬ್ಬ ರೇಡಿಯೋ ಸಲಹೆಗಾರ, ಹೆಂಗಸರ ಹಾಡು ಜಾಸ್ತಿ ಹಾಕಬೇಡಿ, ಅವರು ಸಲಾಡಿನಲ್ಲಿ ಅಲ್ಲೊಂದು ಇಲ್ಲೊಂದು ಹಾಕುವ ಟೊಮ್ಯಾಟೊ ಇದ್ದ ಹಾಗೆ ಅಂತ ಬಹಿರಂಗವಾಗಿ ಹೇಳಿದ. ಪಾಪ್ ಹಾಡಿದರೂ ಬೇಡ, ಹಳೆ ಶೈಲಿ ಹಾಡಿದರೂ ಬೇಡ ಅಂದರೆ ಹುಡುಗಿಯರು ಎಲ್ಲಿಗೆ ಹೋಗಬೇಕು? ಪಾಪ್‌ಗೆ ಹೋಗುತ್ತಾರೆ. ಹೋದ ಮೇಲೆ ಬೈಯುತ್ತಾರೆ.

ಡಲ್ಲಾಸ್_ದಾವಣಗೆರೆ

ಮಗಳೇ, ನಿನ್ನ ಕೊನೆಯ ಮಾತು ಚುಚ್ಚಿತು. ನನ್ನ ಪ್ಲೇಲಿಸ್ಟ್ ತೆರೆದು ಈಗಷ್ಟೇ ಎಣಿಸಿದೆ. 80 ಹಾಡಿನಲ್ಲಿ ಹೆಂಗಸರದ್ದು ಆರು.

ಬಕ್ ಓವೆನ್ಸ್ ನನ್ನ ದೇವರಂಥವರು. ನ್ಯಾಶ್‌ವಿಲ್‌ನ ನುಣುಪು ಬೇಡ ಅಂತ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಒರಟು ಸದ್ದು ಕಟ್ಟಿದವರು. 1965ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕಂಟ್ರಿ ಅಲ್ಲದ ಹಾಡು ಹಾಡುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ಅದೇ ವರ್ಷದ ಆಲ್ಬಮ್‌ನಲ್ಲಿ ಚಕ್ ಬೆರಿ ಅವರ 'ಮೆಂಫಿಸ್' ಹಾಡಿದ್ದಾರೆ. ರಾಕ್ ಅಂಡ್ ರೋಲ್‌ನ ಕಪ್ಪು ಹಾಡುಗಾರ ಚಕ್ ಬೆರಿ! ಇಷ್ಟು ವರ್ಷ ಅದನ್ನು ಕೇಳಿದ್ದೇನೆ, ಪ್ರತಿಜ್ಞೆಯ ಪಕ್ಕ ಇಟ್ಟು ಯೋಚಿಸಿರಲಿಲ್ಲ. ಓವೆನ್ಸ್ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಅವರ ಕಿವಿಗೆ ಅದು ಕಂಟ್ರಿಯಾಗೇ ಕೇಳಿಸಿರಬೇಕು.

ಹೇಮಾವತಿ_ತೀರ

ಎಲ್ಲರಿಗೂ ಥ್ಯಾಂಕ್ಸ್. ಎಷ್ಟು ಕಲಿತೆ! ಆದರೆ ಮೆಂಫಿಸ್‌ನ ನನ್ನ ಗೆಳತಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಆಪ್ರಿಯ ಇತಿಹಾಸ ಓದುತ್ತಾ ಡಿಫೋರ್ಡ್ ಬೇಲಿ ಅನ್ನುವವರ ಹೆಸರು ಸಿಕ್ಕಿತು. ಹಾರ್ಮೋನಿಕಾದಲ್ಲಿ ರೈಲಿನ ಸದ್ದನ್ನು ಹಾಗ್ಹಾಗೇ ತರುತ್ತಿದ್ದರಂತೆ. 1920ರ ದಶಕದಲ್ಲಿ ಆ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರು. ಕಪ್ಪು ಮನುಷ್ಯ. 1941ರಲ್ಲಿ ಅವರನ್ನು ತೆಗೆದುಹಾಕಿದರು. ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು 2005ರಲ್ಲಿ, ಅವರು ತೀರಿಕೊಂಡು 23 ವರ್ಷದ ಮೇಲೆ. ಆ 1920ರ ದಶಕದಲ್ಲೇ ರೆಕಾರ್ಡ್ ಕಂಪನಿಗಳು ಕಪ್ಪು ಜನಕ್ಕೆ ಮಾರುವುದನ್ನು 'ರೇಸ್ ರೆಕಾರ್ಡ್ಸ್' ಅಂತಲೂ ಬಿಳಿ ಹಳ್ಳಿಗರಿಗೆ ಮಾರುವುದನ್ನು 'ಹಿಲ್‌ಬಿಲಿ' ಅಂತಲೂ ಬೇರೆ ಮಾಡಿದ್ದು. ಹಳ್ಳಿಗಳಲ್ಲಿ ಇಬ್ಬರೂ ಒಂದೇ ಫಿಡಲ್ ಹಾಡು ನುಡಿಸುತ್ತಿದ್ದರು. ಅಂಗಡಿಯಲ್ಲಿ ಕಪಾಟು ಬೇರೆಯಾಯಿತು. ಮೊದಲ ಬೇಲಿ ಅದೇ ಅಂತ ನನಗೆ ಈಗ ಅನ್ನಿಸುತ್ತಿದೆ. ಅದನ್ನು ಹಾಕಿದ್ದು ಹಾಡುಗಾರರಲ್ಲ, ಮಾರುವವರು.

1962ರಲ್ಲಿ ಕಪ್ಪು ಗಾಯಕ ರೇ ಚಾರ್ಲ್ಸ್ ಕಂಟ್ರಿ ಹಾಡುಗಳದ್ದೇ ಒಂದು ಆಲ್ಬಮ್ ಮಾಡಿದರು. 'ಐ ಕಾಂಟ್ ಸ್ಟಾಪ್ ಲವಿಂಗ್ ಯು' ಪಾಪ್ ಪಟ್ಟಿಯಲ್ಲಿ ಐದು ವಾರ ಒಂದನೆಯದು. ಕಂಟ್ರಿ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಕಪ್ಪು ಕಂಟ್ರಿ ಗಾಯಕ ಚಾರ್ಲಿ ಪ್ರೈಡ್ ಅವರ ಮೊದಲ ರೆಕಾರ್ಡುಗಳನ್ನು ರೇಡಿಯೋಗಳಿಗೆ ಫೋಟೋ ಇಲ್ಲದೆ ಕಳಿಸಿದರು, ದನಿ ಕೇಳಿ ಇಷ್ಟಪಟ್ಟ ಮೇಲೆ ಮುಖ ಕಾಣಲಿ ಅಂತ. ಅವರ ಹಾಡಿನಲ್ಲಿ ಸ್ಟೀಲ್ ಇತ್ತು, ಫಿಡಲ್ ಇತ್ತು. ಆದರೂ ಮುಖ ಮುಚ್ಚಬೇಕಾಯಿತು ಅಲ್ವಾ? ಸದ್ದಿನ ಬೇಲಿಯೂ ಜನರ ಬೇಲಿಯೂ ಒಂದೇ ಕಡೆ ಹಾದುಹೋಗಿದೆ. ಯಾವುದು ಯಾವುದು ಅಂತ ಬಿಡಿಸಲು ಆಗುತ್ತಿಲ್ಲ.

ರೇಡಿಯೋ_ರಾಯ

ಬಿಡಿಸಲು ಪಟ್ಟಿಗಳ ಲೆಕ್ಕ ಸ್ವಲ್ಪ ಸಹಾಯ ಮಾಡುತ್ತದೆ.

ಬಿಲ್‌ಬೋರ್ಡ್‌ನ ಮುಖ್ಯ ಕಂಟ್ರಿ ಪಟ್ಟಿ ಬಹಳ ವರ್ಷ ಕಂಟ್ರಿ ರೇಡಿಯೋದ ಪ್ರಸಾರವನ್ನು ಮಾತ್ರ ಲೆಕ್ಕ ಹಿಡಿಯುತ್ತಿತ್ತು. ಅಂದರೆ ಕೀಲಿ ಕಂಟ್ರಿ ಡಿಜೆಗಳ ಕೈಯಲ್ಲಿ. 2012ರ ಅಕ್ಟೋಬರ್‌ನಲ್ಲಿ ಲೆಕ್ಕ ಬದಲಾಯಿತು. ಡೌನ್‌ಲೋಡ್, ಸ್ಟ್ರೀಮಿಂಗ್, ಪಾಪ್ ರೇಡಿಯೋದ ಪ್ರಸಾರ ಎಲ್ಲವೂ ಸೇರಿತು. ಆ ವಾರವೇ ಟೇಲರ್ ಸ್ವಿಫ್ಟ್ ಅವರ 'ವಿ ಆರ್ ನೆವರ್ ಎವರ್ ಗೆಟಿಂಗ್ ಬ್ಯಾಕ್ ಟುಗೆದರ್' ಒಂದನೇ ಸ್ಥಾನಕ್ಕೆ ಹಾರಿತು. ಅದರ ಹಿಂದಿದ್ದವರು ಸ್ವೀಡನ್ನಿನ ಪಾಪ್ ಪ್ರೊಡ್ಯೂಸರ್ ಮ್ಯಾಕ್ಸ್ ಮಾರ್ಟಿನ್. ಅವತ್ತಿನಿಂದ ಪಾಪ್ ಕಡೆ ಹೆಚ್ಚು ಸಲ್ಲುವ ಹಾಡಿಗೆ ಕಂಟ್ರಿ ಪಟ್ಟಿಯಲ್ಲೇ ಲಾಭ. ನ್ಯಾಶ್‌ವಿಲ್ ಲೇಬಲ್‌ಗಳು ಸುಮ್ನೆ ಕೂರುತ್ತವಾ? 2017ರ ಕೊನೆಗೆ ಪಾಪ್ ಗಾಯಕಿ ಬೀಬಿ ರೆಕ್ಸಾ 'ಕ್ರೂಸ್' ಹಾಡಿದ ಆ ಜೋಡಿಯ ಜೊತೆ ಹಾಡಿದ 'ಮೆಂಟ್ ಟು ಬಿ' ಆ ಪಟ್ಟಿಯ ತುದಿಗೇರಿ 50 ವಾರ ಕೂತಿತು. ಅದನ್ನು ಯಾರೂ ಪಟ್ಟಿಯಿಂದ ತೆಗೆಯಲಿಲ್ಲ.

ಆದರೆ 2019ರ ಮಾರ್ಚ್‌ನಲ್ಲಿ ಲಿಲ್ ನಾಸ್ ಎಕ್ಸ್ ಅವರ 'ಓಲ್ಡ್ ಟೌನ್ ರೋಡ್' ಅದೇ ಪಟ್ಟಿಗೆ 19ನೇ ಸ್ಥಾನದಲ್ಲಿ ಬಂದಾಗ, ಇದರಲ್ಲಿ ಇಂದಿನ ಕಂಟ್ರಿಯ ಅಂಶ ಸಾಲದು ಅಂತ ತೆಗೆದರು. ಕಪ್ಪು ಹುಡುಗ. ಹಾಡಿನ ಬೀಟನ್ನು ಹಾಲೆಂಡಿನ ಇನ್ನೊಬ್ಬ ಹುಡುಗನಿಂದ ಆನ್‌ಲೈನ್‌ನಲ್ಲಿ 30 ಡಾಲರ್‌ಗೆ ಕೊಂಡಿದ್ದ. ಅದರಲ್ಲಿದ್ದ ಬ್ಯಾಂಜೋದಂಥ ಸದ್ದು ಒಂದು ರಾಕ್ ಬ್ಯಾಂಡಿನ ಧ್ವನಿಮುದ್ರಣದ ತುಣುಕು. ಹಾಡು ಕಂಟ್ರಿ ಹೌದೋ ಅಲ್ಲವೋ ಅಂತ ನಾನು ಹೇಳಲಾರೆ. ಇದಕ್ಕೆ ಬಳಸಿದ ಅಳತೆಗೋಲನ್ನು 50 ವಾರ ಕೂತ ಹಾಡಿಗೆ ಬಳಸಲಿಲ್ಲ, ಅದು ಮಾತ್ರ ಕಣ್ಣಿಗೆ ಕಾಣುತ್ತದೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿದೆ ಅನ್ನುವುದೂ ಸರಿಯಲ್ಲ. ಶಬೂಝಿ ಹಾಡು ಕಂಟ್ರಿ ರೇಡಿಯೋದ ಪಟ್ಟಿಯಲ್ಲೂ ಒಂದನೇ ಸ್ಥಾನಕ್ಕೆ ಬಂತು. ಬಿಯಾನ್ಸೆಯ 'ಟೆಕ್ಸಸ್ ಹೋಲ್ಡೆಮ್' ಮುಖ್ಯ ಪಟ್ಟಿಯಲ್ಲಿ ಒಂದನೆಯದಾದರೂ ರೇಡಿಯೋದಲ್ಲಿ ಅಷ್ಟು ಮೇಲೇರಲಿಲ್ಲ. ಲೇಬಲ್‌ನವರು ಸ್ಟೇಷನ್ನುಗಳ ಜೊತೆ ಒಡನಾಡಿ ಹಾಡನ್ನು ಒಪ್ಪಿಸುವುದು ಅಲ್ಲಿನ ಹಳೆ ಪದ್ಧತಿ. ಅದೂ ಲೆಕ್ಕಕ್ಕೆ ಬರುತ್ತದೆ.

ಡಲ್ಲಾಸ್_ದಾವಣಗೆರೆ

ರಾಯರ ಅಳತೆಗೋಲಿನ ಮಾತು ಒಪ್ಪಿದೆ. 50 ವಾರದ ಹಾಡಿಗೆ ನಾನು ಗೊಣಗಿದ್ದೆ, ಆದರೆ 'ಓಲ್ಡ್ ಟೌನ್ ರೋಡ್'ಗೆ ಕೂಗಾಡಿದ್ದೆ. ಆ ವ್ಯತ್ಯಾಸ ನನ್ನಲ್ಲೂ ಇತ್ತು. ಬರೆಯಲು ಕಷ್ಟವಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನನ್ನ ಚಿಂತೆ ಒಂದು ಉಳಿದಿದೆ. ದೊಡ್ಡ ಪಾಪ್ ತಾರೆ ಒಂದು ಹಂಗಾಮಿಗೆ ಕಂಟ್ರಿಗೆ ಬಂದು, ಮುಂದಿನ ಹಂಗಾಮಿಗೆ ಬೇರೆ ಕಡೆ ಹೋದರೆ, ಇಲ್ಲೇ ಜೀವನ ಸವೆಸುವ ಹಾಡುಗಾರನಿಗೆ ಸಿಗಬೇಕಾದ ರೇಡಿಯೋ ಸಮಯ ಹೋಗುತ್ತದೆ. ಕ್ರಿಸ್ ಸ್ಟೇಪಲ್‌ಟನ್ ವರ್ಷಗಟ್ಟಲೆ ಬೇರೆಯವರಿಗೆ ಹಾಡು ಬರೆದುಕೊಂಡಿದ್ದು, 2015ರಲ್ಲಿ ಬೆಳಕಿಗೆ ಬಂದವರು. ಅವರ 'ಟೆನೆಸಿ ವಿಸ್ಕಿ' ಕೇಳಿದರೆ ತಾಳವೂ ಗಂಟಲೂ ಪೂರ್ತಿ ಸೋಲ್ ಅನ್ನುವ ಕಪ್ಪು ಜನರ ಸಂಗೀತದ್ದು. ಆದರೂ ನಾವೆಲ್ಲ ತಲೆಬಾಗಿದ್ದು ಯಾಕೆಂದರೆ ಆ ಮನುಷ್ಯ ಇಲ್ಲೇ ಇದ್ದ. ಇದ್ದು ತೋರಿಸುವುದು ಕೂಡ ಒಂದು ಲೆಕ್ಕ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮಲ್ಲಿಗೆ_ಮೊಗ್ಗು

ಇದ್ದು ತೋರಿಸಲು ಮೊದಲು ಒಳಗೆ ಬಿಡಬೇಕು ಅಂಕಲ್. ಲಿಂಡಾ ಮಾರ್ಟೆಲ್ 1969ರಲ್ಲಿ ಆಪ್ರಿ ವೇದಿಕೆಯಲ್ಲಿ ಒಬ್ಬರೇ ನಿಂತು ಹಾಡಿದ ಮೊದಲ ಕಪ್ಪು ಹೆಂಗಸು. 1970ರಲ್ಲಿ ಒಂದು ಆಲ್ಬಮ್ ಬಂತು. ಅಷ್ಟೇ. ಇನ್ನೊಂದು ಬರಲಿಲ್ಲ. ಅವರು ಬಿಟ್ಟು ಹೋದವರಲ್ಲ. 'ಕೌಬಾಯ್ ಕಾರ್ಟರ್'ನಲ್ಲಿ 80 ದಾಟಿದ ಅವರ ದನಿ ಕೇಳಿದಾಗ ನನಗೆ ಕಣ್ಣೀರು ಬಂತು. 'ಟೆಕ್ಸಸ್ ಹೋಲ್ಡೆಮ್' ಶುರುವಿನ ಬ್ಯಾಂಜೋ ನುಡಿಸಿದವರು ರಿಯಾನನ್ ಗಿಡೆನ್ಸ್. ಬ್ಯಾಂಜೋದ ಕಪ್ಪು ಪರಂಪರೆಯನ್ನು ಹುಡುಕಿ ಉಳಿಸುವುದೇ ಅವರ ಕೆಲಸ. ನೀವು ಹೇಳುವ ಹಾಗೆ ಜೀವನ ಸವೆಸಿದವರೇ.

ಇನ್ನೊಂದು. ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ 'ಫಾಸ್ಟ್ ಕಾರ್' ಅನ್ನು 2023ರಲ್ಲಿ ಲ್ಯೂಕ್ ಕೂಂಬ್ಸ್ ಪದಗಳನ್ನು ಹೆಚ್ಚೂಕಡಿಮೆ ಹಾಗೇ ಇಟ್ಟು ಹಾಡಿದರು. ಆ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಹಾಡು ಪ್ರಶಸ್ತಿ ಚಾಪ್‌ಮನ್‌ಗೆ ಹೋಯಿತು. ಕಪ್ಪು ಬರಹಗಾರರಿಗೆ ಅದು ಬಂದದ್ದು ಅದೇ ಮೊದಲು. ಹಾಡು ಬಡತನದ್ದು, ದುಡಿಮೆಯದ್ದು, ಊರು ಬಿಡುವ ಆಸೆಯದ್ದು. 35 ವರ್ಷ ಅದು ಕಂಟ್ರಿ ಆಗಿರಲಿಲ್ಲ.

ಸ್ಟೀಲ್_ತಂತಿ

ಕೂಂಬ್ಸ್ ಅವರ ಹಾಡಿನಲ್ಲಿ ಗಿಟಾರಿನ ಆ ಸುತ್ತು ಮೂಲದಲ್ಲಿ ಇದ್ದ ಹಾಗೇ ಇದೆ. ಚೆನ್ನಾಗಿ ಕಟ್ಟಿದ ಹಾಡನ್ನು ಎತ್ತಿ ಬೇರೆ ಮನೆಯಲ್ಲಿ ಇಟ್ಟರೂ ಕೆಡುವುದಿಲ್ಲ.

ಗ್ರ್ಯಾಮಿ ಇಬ್ಭಾಗದ ಬಗ್ಗೆ ನನ್ನ ಮಾತು: ಬಿಯಾನ್ಸೆ ಗೆದ್ದ ಕೂಡಲೇ ಮಾಡಿದ್ದು ನೋಡಲು ಚೆನ್ನಾಗಿಲ್ಲ. ಆ ಹೊತ್ತಿನ ಆಯ್ಕೆ ನನಗೂ ಬೇಸರ. ಆದರೆ ಸ್ಟೀಲ್, ಫಿಡಲ್ ಇಟ್ಟುಕೊಂಡು ದುಡಿಯುವವರಿಗೆ ಒಂದು ಪ್ರಶಸ್ತಿ ಇದ್ದರೆ ನಾಲ್ಕು ಹುಡುಗರಾದರೂ ಆ ವಾದ್ಯದ ಮುಂದೆ ಕೂರುತ್ತಾರೆ. ಆ ಸಾಂಪ್ರದಾಯಿಕ ವಿಭಾಗದಲ್ಲಿ ಬ್ಯಾಂಜೋ ಹಿಡಿದ ಕಪ್ಪು ಹುಡುಗಿಯ ಹೆಸರು ಬರುತ್ತದಾ ಅಂತ ನಾನು ಇನ್ನು ಪ್ರತಿ ವರ್ಷ ನೋಡುತ್ತಿರುತ್ತೇನೆ.

ಹೇಮಾವತಿ_ತೀರ

ನಿನ್ನೆ ಶನಿವಾರ ಇಬ್ಬರು ಸಹೋದ್ಯೋಗಿಗಳನ್ನೂ ಕರೆದುಕೊಂಡು ಬ್ರಾಡ್‌ವೇ ಬೀದಿಯ ಒಂದು ಬಾರಿಗೆ ಹೋಗಿದ್ದೆ. ಹಳೆ ಹಾಡುಗಳನ್ನೇ ಹಾಡುವ ಜಾಗ. ನಾಲ್ವರ ಬ್ಯಾಂಡು: ಹಾಡುಗಾರ, ನಿಲ್ಲಿಸಿ ನುಡಿಸುವ ದೊಡ್ಡ ಬೇಸ್, ಫಿಡಲ್ಲು, ಪೆಡಲ್ ಸ್ಟೀಲು. ಸ್ಟೀಲ್ ನುಡಿಸಿದವರು 70 ದಾಟಿದ ಅಜ್ಜ.

ನಾನು ಚೀಟಿ ಬರೆದು ಜಿಮ್ ರೀವ್ಸ್ ಹಾಡು ಕೇಳಿದೆ. 'ಹಿ ವಿಲ್ ಹ್ಯಾವ್ ಟು ಗೋ' ಹಾಡಿದರು. ಸ್ಟೀಲ್‌ನಿಂದಲೇ ಶುರು. ಗುಡ್ಡಗಾಡಿನ ಸ್ನೇಹಿತರು ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಮೆಂಫಿಸ್ ಗೆಳತಿ ತಾನೂ ಚೀಟಿ ಬರೆದಳು. ಅವಳ ಅಜ್ಜಿಯ ಮನೆಯಲ್ಲಿ ಚಾರ್ಲಿ ಪ್ರೈಡ್ ರೆಕಾರ್ಡ್ ಇತ್ತಂತೆ. 'ಕಿಸ್ ಆನ್ ಏಂಜಲ್ ಗುಡ್ ಮಾರ್ನಿಂಗ್' ಬಂತು. ಇಬ್ಬರಿಗೂ ಪೂರ್ತಿ ಹಾಡು ಬಾಯಿಪಾಠ. ಒಬ್ಬರು ಇನ್ನೊಬ್ಬರ ಕಡೆ ನೋಡಿಕೊಂಡು ಹಾಡಿದರು. ಶಬೂಝಿಯ ವಿಷಯ ಯಾರೂ ಎತ್ತಲಿಲ್ಲ. ಅದು ಇತ್ಯರ್ಥ ಆಗಿದೆ ಅಂತ ನಾನು ಹೇಳುವುದಿಲ್ಲ, ಸೋಮವಾರ ಮತ್ತೆ ಬರಬಹುದು.

ಕೆಜಿಎಫ್ ಸರ್, ನಿಮಗಾಗಿ ಆ ಜಿಮ್ ರೀವ್ಸ್ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದೇನೆ. ಗದ್ದಲ ಇದೆ, ಹೊಂದಿಸಿಕೊಂಡು ಕೇಳಿ.

ಸ್ಟೀಲ್_ತಂತಿ

ಮೇಡಂ, ಒಂದು ವಿಷಯ ಗೊತ್ತಾ? ಆ ಹಾಡಿನ ಮೂಲ ರೆಕಾರ್ಡಿನಲ್ಲಿ ಸ್ಟೀಲ್ ಇಲ್ಲವೇ ಇಲ್ಲ. ಪಿಯಾನೋ, ವೈಬ್ರಫೋನ್, ಗಿಟಾರು, ಹಿಂದೆ ಸಹಗಾಯಕರು. ಆ ಅಜ್ಜ ನುಡಿಸಿದ್ದು ಅವರದೇ ಸೇರ್ಪಡೆ. ಪಾಪ್ ಅಂತ ಆಚೆ ಹೋಗಿದ್ದ ಹಾಡನ್ನು ತಂತಿ ಕಟ್ಟಿ ಮನೆಗೆ ಎಳೆದುಕೊಂಡು ಬಂದಿದ್ದಾರೆ.

ಕೆಜಿಎಫ್_ಮಗ

ಮೂರು ಸಲ ಕೇಳಿದೆ ಮಗಳೇ. ಪಕ್ಕದ ಮನೆಯ ಆ ಕುಟುಂಬದ ಹಿರಿಯ ಮಗಳು ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾಳೆ. ಅವಳಿಗೂ ಕಳಿಸಿದೆ. ರಾತ್ರಿ ಫೋನ್ ಮಾಡಿದಳು. ಸ್ಟೀಲ್ ಗಿಟಾರ್ ಮೂಲದಲ್ಲಿ ಇರಲಿಲ್ಲವಂತೆ ಅಂತ ನಾನು ಹೇಳಿದರೆ ಒಪ್ಪಲಿಲ್ಲ. "ಇತ್ತು ಕಣೋ, ನಮ್ಮ ಮನೆಯ ರೆಕಾರ್ಡಿನಲ್ಲಿ ಹೀಗೇ ಇತ್ತು" ಅಂತಲೇ ಹೇಳುತ್ತಿದ್ದಾಳೆ.